ಪಾರ್ಕಿನ್ಸನ್ಸ್ ಇರುವವರ ನಡಿಗೆ ಫ್ರೀಜ್ ಆಗುವುದನ್ನು ಸೆನ್ಸರ್‌ನಿಂದ ಹಿಡಿಯಲು ರ‍್ಯಾಂಡಮ್ ಫಾರೆಸ್ಟ್ ಸಾಕಾ, ಡೀಪ್ ಲರ್ನಿಂಗ್ ಬೇಕಾ?

ಡೇಟಾ ನೋಡಿ ಕಲಿಯುವ ಈ ಎರಡು ಬಗೆಯ ಪ್ರೋಗ್ರಾಮಿನಲ್ಲಿ ಯಾವುದು, ಕೊನೇ ವರ್ಷದ ಪ್ರಾಜೆಕ್ಟ್, ಡಾಫ್ನೆಟ್ ಡೇಟಾ (ಪಾರ್ಕಿನ್ಸನ್ಸ್ ಇರುವವರ ನಡಿಗೆಯ ಸೆನ್ಸರ್ ದಾಖಲೆ), ಈಗಾಗಲೇ ಶೇಕಡಾ 95 ನಿಖರತೆ ಬಂದಿದೆ, ಇನ್ನೂ ಏರಿಸಬೇಕು, ಸೆನ್ಸರ್ ಎಲ್ಲಿ ಸಿಗುತ್ತೆ. ಇಷ್ಟೇ ಅಲ್ವಾ ನಿಮ್ಮ ಪ್ರಶ್ನೆ? ಪುಣೆಯಲ್ಲಿ ಓದುವಾಗ ನನ್ನದೂ ಇದೇ ಆಗಿತ್ತು. ನನಗೆ 97 ಬಂದಿತ್ತು. ಆ ಸಂಖ್ಯೆಯೇ ನನ್ನನ್ನು ಹಾಳು ಮಾಡಿದ್ದು.

ಪುಣೆಯ ಕೋತ್ರೂಡಿನಲ್ಲಿ ನನ್ನ ಮಾಮ ಇದ್ದಾರೆ, ಧಾರವಾಡದ ಕಡೆಯವರು. ಪಾರ್ಕಿನ್ಸನ್ಸ್. ಲಿಫ್ಟ್ ಇಲ್ಲದ ಕಟ್ಟಡದ ಮೆಟ್ಟಿಲನ್ನು ಚೆನ್ನಾಗೇ ಹತ್ತಿಬಿಡುತ್ತಾರೆ. ಆಮೇಲೆ ತಮ್ಮದೇ ಅಡುಗೆಮನೆ ಬಾಗಿಲಲ್ಲಿ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾರೆ. ಫ್ರೀಜ್ ಅಂದ್ರೆ ಇದೇ, ಈ ಕಾಯಿಲೆಯಲ್ಲಿ ಹೊಸದೇನಲ್ಲ. ಬಾಗಿಲು, ಇಕ್ಕಟ್ಟಾದ ಜಾಗ, ತಿರುವು, ಇಲ್ಲೇ ಜಾಸ್ತಿ. ಡಾಕ್ಟರ ಮುಂದೆ ಮಾತ್ರ ಸರಿಯಾಗಿ ನಡೆದು ತೋರಿಸುತ್ತಾರೆ!

ಫ್ರೀಜ್ ಆದಾಗ ಕೂಗಬೇಕಾದ ನನ್ನ ಯಂತ್ರವನ್ನು ಅವರ ಕಾಲಿಗೆ ಕಟ್ಟಿದೆ. ಬಾಗಿಲಲ್ಲಿ ಅವರು ಸಿಕ್ಕಿಕೊಂಡಾಗ ಅದು ಸುಮ್ನೆ ಇತ್ತು. ದೇವರ ಮುಂದೆ ಕೈಮುಗಿದು ನಿಂತಾಗ ಕೂಗಿತು. ಮಾಮ ಬೈದರು: "ಇದನ್ನ ಬಿಚ್ಚೋ ಮಾರಾಯಾ, ನಿಂತ್ರೂ ಕುಂಯ್ ಅಂತದ, ನಡದ್ರೂ ಕುಂಯ್ ಅಂತದ." ಮತ್ತೆ ಯಾವತ್ತೂ ಕಟ್ಟಿಸಿಕೊಳ್ಳಲಿಲ್ಲ.

ಎಲ್ಲಿ ಎಡವಿದ್ದೆ ಅಂತ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನಿಮ್ಮ 95 ಕೂಡ ಅಲ್ಲಿಂದಲೇ ಬಂದಿರಬೇಕು ಅನ್ನೋದು ನನ್ನ ಗುಮಾನಿ. ಡಾಫ್ನೆಟ್‌ನಲ್ಲಿ ಇರೋದು ಹತ್ತೇ ಜನ. ಅದರಲ್ಲೂ ಇಬ್ಬರಿಗೆ ಒಮ್ಮೆಯೂ ಫ್ರೀಜ್ ಆಗಿಲ್ಲ. ಕಣಕಾಲಿನ ಮೇಲೆ, ತೊಡೆಗೆ, ಸೊಂಟಕ್ಕೆ ಸೆನ್ಸರ್, ಸೆಕೆಂಡಿಗೆ 64 ಅಳತೆ. ನಾನು ಅದನ್ನು ನಾಲ್ಕು ನಾಲ್ಕು ಸೆಕೆಂಡಿನ ತುಂಡು ಮಾಡಿದೆ, ಅರ್ಧ ಅರ್ಧ ಸೆಕೆಂಡು ಸರಿಸುತ್ತಾ. ಅಂದ್ರೆ ಪಕ್ಕಪಕ್ಕದ ಎರಡು ತುಂಡುಗಳಲ್ಲಿ ಮೂರೂವರೆ ಸೆಕೆಂಡು ಒಂದೇ. ಆಮೇಲೆ ಎಲ್ಲವನ್ನೂ ಕಲಸಿ, 80 ಭಾಗ ಕಲಿಸೋಕೆ, 20 ಭಾಗ ಪರೀಕ್ಷೆಗೆ ಅಂತ ಹಂಚಿದೆ. ಪರೀಕ್ಷೆಯ ಪ್ರತಿ ತುಂಡಿನ ಅವಳಿ ಕಲಿಕೆಯ ಕಡೆ ಕೂತಿತ್ತು. ಒಂದೇ ಪಾತ್ರೆಯ ಸಾರನ್ನು ಎರಡು ಲೋಟಕ್ಕೆ ಸುರಿದು, ಎರಡರ ರುಚಿಯೂ ಒಂದೇ ಅಂತ ಬೀಗಿದ ಹಾಗೆ. ನನ್ನ ಪ್ರೋಗ್ರಾಮ್ ಕಲಿತದ್ದು ಫ್ರೀಜ್ ಅಂದರೇನು ಅಂತ ಅಲ್ಲ, ಆ ಹತ್ತು ಜನರ ಕಾಲುಗಳನ್ನು. ನನ್ನ ಮಾಮನ ಕಾಲು ಅದರಲ್ಲಿ ಇರಲಿಲ್ಲ.

ವೈವಾಗೆ ಬಂದ ಹೊರಗಿನ ಪರೀಕ್ಷಕರು ಕೇಳಿದ್ದು ಒಂದೇ: "ಒಬ್ಬನೇ ಮನುಷ್ಯ ಎರಡೂ ಕಡೆ ಇದ್ದಾನಾ?" ನನ್ನ ಬಾಯಿ ಕಟ್ಟಿತು. ಮನೆಗೆ ಬಂದು ಒಬ್ಬರನ್ನು ಪೂರ್ತಿ ಹೊರಗಿಟ್ಟು, ಉಳಿದವರಿಂದ ಕಲಿಸಿ, ಹೊರಗಿಟ್ಟವರ ಮೇಲೆ ಪರೀಕ್ಷಿಸಿದೆ. ಹೀಗೆ ಸರದಿ ಪ್ರಕಾರ ಎಲ್ಲರಿಗೂ. 97 ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅದೂ ಅಲ್ಲದೆ ಆ ಡೇಟಾದಲ್ಲಿ ಫ್ರೀಜ್ ಇರೋದು ಹತ್ತರಲ್ಲಿ ಒಂದು ಭಾಗದಷ್ಟು. "ಏನೂ ಆಗಿಲ್ಲ" ಅಂತ ಸದಾ ಹೇಳುವ ದಡ್ಡ ಪ್ರೋಗ್ರಾಮಿಗೂ 90ರ ಹತ್ತಿರ ಬರುತ್ತೆ. ಎಷ್ಟು ಫ್ರೀಜ್ ಹಿಡಿಯಿತು, ಎಷ್ಟು ಸಲ ಸುಳ್ಳು ಕೂಗಿತು, ಅದನ್ನು ಬರೆಯಿರಿ.

ಹಾಗಾಗಿ ರ‍್ಯಾಂಡಮ್ ಫಾರೆಸ್ಟಾ, ಡೀಪ್ ಲರ್ನಿಂಗಾ ಅನ್ನೋ ಪ್ರಶ್ನೆಯೇ ಈಗ ಬೇಡ. ಡೀಪ್ ಲರ್ನಿಂಗ್‌ಗೆ ಸಾಮಾನ್ಯವಾಗಿ ರಾಶಿ ಡೇಟಾ ಬೇಕು, ಹತ್ತು ಜನರ ಡೇಟಾಗೆ ಅದು ಅಂದ್ರೆ ನನಗೆ ನಗು ಬರುತ್ತೆ. 2008ರಲ್ಲಿ ಮೂರ್ ಅನ್ನೋ ಸಂಶೋಧಕರು ಮತ್ತು ಜೊತೆಗಾರರು ತೋರಿಸಿದ ಫ್ರೀಜ್ ಇಂಡೆಕ್ಸ್‌ನಿಂದ ಶುರು ಮಾಡಿ. ಮಾಮೂಲಿ ನಡಿಗೆಯಲ್ಲಿ ಸಿಗ್ನಲ್‌ನ ಶಕ್ತಿ ಹೆಚ್ಚಾಗಿ 0.5ರಿಂದ 3 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ ಅಲುಗಾಟ) ನಡುವೆ ಇರುತ್ತೆ. ಫ್ರೀಜ್ ಆದಾಗ ಕಾಲು ನಿಂತಲ್ಲೇ ನಡುಗುತ್ತೆ, ಅದು 3ರಿಂದ 8 ಹರ್ಟ್ಸ್. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ, ಮಿತಿಯನ್ನು ಆಯಾ ವ್ಯಕ್ತಿಗೆ ತಕ್ಕಂತೆ ಇಡಿ. ಒಟ್ಟು ಶಕ್ತಿಗೂ ಒಂದು ಕನಿಷ್ಠ ಮಿತಿ ಹಾಕಿ, ಇಲ್ಲದಿದ್ರೆ ಸುಮ್ನೆ ನಿಂತವರನ್ನೂ ಅದು ಹಿಡಿಯುತ್ತೆ. ಆದರೆ ಕೆಲವರಿಗೆ ಫ್ರೀಜ್ ಆದಾಗ ನಡುಕವೂ ಇರಲ್ಲ, ಕಲ್ಲಿನ ಹಾಗೆ ನಿಲ್ಲುತ್ತಾರೆ. ಕಾಲಿನ ಸೆನ್ಸರ್‌ಗೆ ಅದೂ ಬೇಕಂತಲೇ ನಿಂತದ್ದೂ ಒಂದೇ. ರಿಪೋರ್ಟಿನಲ್ಲಿ ಇದನ್ನು ಮುಚ್ಚಿಡಬೇಡಿ.

ಮನೆಯಲ್ಲಿ ಯಾರ ಮೇಲಾದರೂ ಪರೀಕ್ಷೆ ಮಾಡೋದಾದ್ರೆ ಕಾಲೇಜಿನಿಂದ ಮತ್ತು ಅವರ ಡಾಕ್ಟರಿಂದ ಒಪ್ಪಿಗೆ ತಗೊಳ್ಳಿ. ಪಕ್ಕದಲ್ಲಿ ಒಬ್ಬರು ಕೈ ಹಿಡಿಯುವಷ್ಟು ಹತ್ತಿರ ನಡೆಯಲೇಬೇಕು, ಫ್ರೀಜ್ ಆದಾಗ ಬೀಳೋ ಅಪಾಯ ಜಾಸ್ತಿ. ಪಾರ್ಕಿನ್ಸನ್ಸ್‌ಗೆ ಕೊಡುವ ಲೆವೊಡೋಪ ಮಾತ್ರೆ ಎಷ್ಟು ಗಂಟೆಗೆ ತಗೊಂಡರು ಅಂತ ಬರೆದಿಡಿ. ಮಾತ್ರೆಯ ಕಸುವು ಇಳಿದಾಗಿನ ನಡಿಗೆಯೇ ಬೇರೆ.

ಸೆನ್ಸರ್ ಪುಣೆಯ ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿಯಲ್ಲಿ ಸಿಗುತ್ತೆ, ಎಂಪಿಯು 6050 ಅನ್ನೋ ಚಲನೆ ಅಳೆಯುವ ಚಿಪ್ ಸಾಕು. ಅದು ಶುರುವಿನಲ್ಲಿ 2 ಜಿ (ಗುರುತ್ವದ ಎರಡು ಪಟ್ಟು) ಮಿತಿಯಲ್ಲಿರುತ್ತೆ. ಕಣಕಾಲಿಗೆ ಕಟ್ಟಿದರೆ ಹಿಮ್ಮಡಿ ನೆಲಕ್ಕೆ ಬಡಿದಾಗ ಅದನ್ನು ಮೀರಬಹುದು, ಆಗ ಸಿಗ್ನಲ್‌ನ ತುದಿ ಕತ್ತರಿಸಿದಂತೆ ಚಪ್ಪಟೆಯಾಗುತ್ತೆ. 8 ಜಿಗೆ ಬದಲಾಯಿಸಿ.