ರಾತ್ರಿ ತಾನಾಗಿ ಓಡುವ ಪಂಪು: ಆರ್‌ವಿ (ಪ್ರವಾಸದ ಮನೆಗಾಡಿ) ನೀರಿನ ಪ್ರಶ್ನೋತ್ತರ

ಪ್ರಶ್ನೆ: ಹಳೆಯ ಟ್ರಾವೆಲ್ ಟ್ರೈಲರ್ ಕೊಂಡಿದ್ದೇವೆ. ರಾತ್ರಿ ಎಲ್ಲ ನಲ್ಲಿ ಮುಚ್ಚಿದ್ದರೂ ಪಂಪು ಆಗಾಗ ಒಂದೆರಡು ಸೆಕೆಂಡು ಗುರ್ರೆಂದು ನಿಲ್ಲುತ್ತದೆ. ಪಂಪನ್ನೇ ಬದಲಿಸಬೇಕೆ? (ಟೆಕ್ಸಾಸ್‌ನ ಓದುಗರು)

ಉತ್ತರ: ಈಗಲೇ ಹೊಸದನ್ನು ಕೊಳ್ಳಬೇಡಿ. ಗಾಡಿಯ ಟ್ಯಾಂಕಿನ ನೀರನ್ನು ನಲ್ಲಿಗಳಿಗೆ ತಳ್ಳುವ 12 ವೋಲ್ಟಿನ ಈ ಪಂಪಿನಲ್ಲಿ ಪ್ರೆಶರ್ ಸ್ವಿಚ್ ಇರುತ್ತದೆ. ಪೈಪಿನ ಒತ್ತಡ ಇಳಿದರೆ ಪಂಪು ಹೊರಡುತ್ತದೆ. ಸಾಮಾನ್ಯ ಮಾದರಿಗಳಲ್ಲಿ 45ರಿಂದ 55 ಪಿಎಸ್‌ಐ (ಒತ್ತಡದ ಅಳತೆ) ಮುಟ್ಟಿದರೆ ನಿಲ್ಲುತ್ತದೆ. ನಲ್ಲಿ ತೆರೆಯದೆ ಹೊರಟಿತೆಂದರೆ ನೀರು ಎಲ್ಲೋ ಸೋರುತ್ತಿದೆ, ಇಲ್ಲವೇ ಪಂಪಿನ ಚೆಕ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಿಡಿಯದೆ ಟ್ಯಾಂಕಿಗೇ ಹಿಂದಿರುಗುತ್ತಿದೆ.

ಯಾವುದೆಂದು ತಿಳಿಯಲು ಟ್ಯಾಂಕನ್ನು ಅರ್ಧ ತುಂಬಿಸಿ, ಪಂಪು ಆಫ್ ಮಾಡಿ, ಕ್ಯಾಂಪಿನ ನಲ್ಲಿಯಿಂದ ಗಾಡಿಯ ‘ಸಿಟಿ ವಾಟರ್’ ಬಾಯಿಗೆ (ಹೊರಗಿನ ನೀರನ್ನು ನೇರ ಪೈಪಿಗೆ ಜೋಡಿಸುವ ಕಡೆ) ಹೋಸ್ ಹಾಕಿ. ಕೆಲವು ಗಂಟೆಗಳಲ್ಲಿ ಟ್ಯಾಂಕಿನ ಮಟ್ಟ ಏರಿದರೆ ಚೆಕ್ ವಾಲ್ವ್ ಮೇಲೆ ಅನುಮಾನ ಪಡಿ. (ಟ್ಯಾಂಕ್ ತುಂಬಿಸುವ ಪ್ರತ್ಯೇಕ ವಾಲ್ವ್ ಇದ್ದರೆ ಅದನ್ನೂ ನೋಡಿ.) ಒಂದು ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡರೂ ಹೀಗಾಗುತ್ತದೆ, ಹಾಗಾಗಿ ಮೊದಲು ಪಂಪಿನ ಮುಂದಿನ ಜಾಲರಿ ಬಿಚ್ಚಿ ತೊಳೆದು, ನಲ್ಲಿ ಪೂರ್ತಿ ತೆರೆದು ಓಡಿಸಿ ನೋಡಿ. ಆಗಲೂ ತೊಂದರೆ ಹೋಗದಿದ್ದರೆ ಪಂಪಿನ ಹೆಡ್ (ವಾಲ್ವ್ ಇರುವ ಭಾಗ) ಮಾತ್ರ ಬದಲಿಸಬಹುದು.

ಮಟ್ಟ ಏರದಿದ್ದರೆ ಸೋರಿಕೆ ಹುಡುಕಿ. ಹೆಚ್ಚು ಮಂದಿ ಸಿಂಕಿನ ಕೆಳಗಷ್ಟೇ ನೋಡಿ ಸುಮ್ಮನಾಗುತ್ತಾರೆ. ಟಾಯ್ಲೆಟ್ ವಾಲ್ವ್ ಬಟ್ಟಲಿನೊಳಗೇ ಸೋರಿದರೆ ನೆಲ ಒದ್ದೆಯಾಗುವುದೇ ಇಲ್ಲ. ಹೊರಗಿನ ಶವರ್, ಗೀಸರಿನ ಪ್ರೆಶರ್ ರಿಲೀಫ್ ವಾಲ್ವ್, ಗಾಡಿಯಡಿಯ ಡ್ರೈನ್ ಮುಚ್ಚಳಗಳನ್ನೂ ಪರೀಕ್ಷಿಸಿ. ಆಮೇಲೆ ಹೋಸ್ ತೆಗೆದು, ಪಂಪು ಆನ್ ಮಾಡಿ, ಸಿಟಿ ವಾಟರ್ ಬಾಯಿಯಿಂದ ಹನಿ ಬೀಳುತ್ತದೆಯೇ ನೋಡಿ. ಅಲ್ಲೂ ಒಂದು ಚೆಕ್ ವಾಲ್ವಿದೆ. ಪ್ರತಿ ಜಾಯಿಂಟಿಗೂ ಒಣ ಟಿಶ್ಯೂ ಒತ್ತಿದರೆ ಕಣ್ಣಿಗೆ ಬೀಳದ ಒದ್ದೆ ತಿಳಿಯುತ್ತದೆ. ಒಳಗೆ ರಬ್ಬರ್ ವಾಷರ್ ಇರುವ ಪ್ಲಾಸ್ಟಿಕ್ ನಟ್ಟುಗಳನ್ನು ಕೈಯಲ್ಲೇ ಬಿಗಿ ಮಾಡಿ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಸೀಳುತ್ತವೆ, ಟೆಫ್ಲಾನ್ ಟೇಪಿನ ಅಗತ್ಯವೂ ಇಲ್ಲ.

ದುರಸ್ತಿಯಾಗುವ ತನಕ ಮಲಗುವಾಗ, ಹೊರಗೆ ಹೋಗುವಾಗ ಪಂಪು ಆಫ್ ಇರಲಿ. ಕ್ಯಾಂಪಿನ ನೀರಿಗೆ ಪ್ರೆಶರ್ ರೆಗ್ಯುಲೇಟರ್ ಹಾಕದೆ ಹೋಸ್ ಜೋಡಿಸಲೇಬೇಡಿ. 40ರಿಂದ 50 ಪಿಎಸ್‌ಐ ಸಾಕು. ಅದನ್ನು ಗಾಡಿಯ ಕಡೆಗಲ್ಲ, ನಲ್ಲಿಯ ಕಡೆಗೆ ಹಾಕಿದರೆ ಹೋಸ್ ಕೂಡ ಉಳಿಯುತ್ತದೆ.

ಪ್ರಶ್ನೆ: ಚಳಿಗಾಲದ ನಂತರ ಗಾಡಿ ತೆಗೆದೆವು. ಗೀಸರ್ ಕಾದಿದ್ದರೂ ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರೇ ಬರುತ್ತಿದೆ. (ಮಿನೆಸೋಟದ ಓದುಗರು)

ಉತ್ತರ: ಗೀಸರಿನ ಹಿಂಬದಿಯ ಬೈಪಾಸ್ (ನೀರು ಗೀಸರಿನೊಳಗೆ ಹೋಗದೆ ದಾಟುವ ಅಡ್ಡದಾರಿ) ನೋಡಿ. 6 ಗ್ಯಾಲನ್ ಟ್ಯಾಂಕಿಗೆಲ್ಲ ಆಂಟಿಫ್ರೀಜ್ (ಪೈಪು ಹೆಪ್ಪುಗಟ್ಟದಂತೆ ತಡೆಯುವ ದ್ರವ) ಸುರಿಯುವುದು ತಪ್ಪಲೆಂದು ಚಳಿಗಾಲದಲ್ಲಿ ಅದನ್ನು ತೆರೆದಿರುತ್ತಾರೆ. ಮೂರು ವಾಲ್ವ್ ಇದ್ದರೆ ಈಗ ನಡುವಿನದು ಮುಚ್ಚಿರಬೇಕು, ಉಳಿದೆರಡು ತೆರೆದಿರಬೇಕು. ಅದು ಸರಿಯಿದ್ದರೆ ಹೊರಗಿನ ಶವರಿನ ಎರಡೂ ನಲ್ಲಿ ಮುಚ್ಚಿ. ಅವನ್ನು ತೆರೆದಿಟ್ಟು ಶವರ್ ಹಿಡಿಯ ಗುಂಡಿಯಲ್ಲಷ್ಟೇ ನೀರು ನಿಲ್ಲಿಸಿದ್ದರೆ, ತಣ್ಣೀರು ಅಲ್ಲಿಂದಲೇ ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಇನ್ನೊಂದು ಮಾತು: ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ಧಾರೆ ಬರುವ ತನಕ ಗೀಸರಿನ ಕರೆಂಟ್ ಸ್ವಿಚ್ ಮುಟ್ಟಬೇಡಿ. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಬೇಗನೆ ಸುಟ್ಟುಹೋಗುತ್ತದೆ.

ಪ್ರಶ್ನೆ: ಟ್ಯಾಂಕಿನ ನೀರಿಗೆ ಮುಗ್ಗಲು ವಾಸನೆ. ತೊಳೆಯುವುದು ಹೇಗೆ?

ಉತ್ತರ: ಸುವಾಸನೆ ಬೆರೆಸದ ಮನೆಬಳಕೆಯ ಬ್ಲೀಚ್ ಸಾಕು, 15 ಗ್ಯಾಲನ್ ಟ್ಯಾಂಕಿಗೆ ಕಾಲು ಕಪ್. 40 ಗ್ಯಾಲನ್ನಿನದಾದರೆ ಸುಮಾರು 160 ಮಿಲಿಲೀಟರ್. ಮೊದಲು ಕುಡಿಯುವ ನೀರಿನ ಫಿಲ್ಟರ್ ತೆಗೆದಿಡಿ. ಬ್ಲೀಚನ್ನು ಒಂದು ಬಕೆಟ್ ನೀರಿಗೆ ಬೆರೆಸಿ ಸುರಿದು, ಟ್ಯಾಂಕ್ ತುಂಬಿಸಿ, ಪ್ರತಿ ನಲ್ಲಿಯಲ್ಲೂ ಬ್ಲೀಚ್ ವಾಸನೆ ಬರುವವರೆಗೆ ನೀರು ಬಿಡಿ. ಕನಿಷ್ಠ ನಾಲ್ಕು ಗಂಟೆ ಹಾಗೇ ಬಿಟ್ಟು ಖಾಲಿ ಮಾಡಿ, ವಾಸನೆ ಹೋಗುವ ತನಕ ಒಳ್ಳೆಯ ನೀರು ತುಂಬಿಸಿ ಹೊರಬಿಡಿ. ಬಿಸಿನೀರಿಗೆ ಮಾತ್ರ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಗೀಸರಿನ ಟ್ಯಾಂಕನ್ನೂ ತೊಳೆಯಬೇಕು: ಕರೆಂಟ್ ಮತ್ತು ಗ್ಯಾಸ್ ಆರಿಸಿ, ನೀರು ಪೂರ್ತಿ ತಣ್ಣಗಾದ ಮೇಲೆ, ಒತ್ತಡ ಬಿಟ್ಟು, ಆನೋಡ್ ರಾಡ್ (ಟ್ಯಾಂಕ್ ತುಕ್ಕು ಹಿಡಿಯದಂತೆ ತಾನೇ ಸವೆಯುವ ಲೋಹದ ಕಡ್ಡಿ) ಇದ್ದರೆ ಬಿಚ್ಚಿ. ಮುಕ್ಕಾಲು ಪಾಲು ಸವೆದಿದ್ದರೆ ಹೊಸದು ಹಾಕಿ.