ನಿವೃತ್ತಿಯಾದ ಮೇಲೆ ಮೊದಲ ಸಲ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಗೊಳ್ಳಬಹುದಾ? ಏನೇನು ನೋಡಬೇಕು?

ನಿಮಗೆ 61 ವರ್ಷ, ಈಗಷ್ಟೇ ನಿವೃತ್ತಿ ಆಗಿದೆ, ಇಷ್ಟು ದಿನ ಓಡಿಸಿದ್ದು ಮನೆಮಂದಿಯೆಲ್ಲ ಕೂರುವ ಕಾರು. ಈಗ ಒಂದು ಸ್ಪೋರ್ಟ್ಸ್ ಕಾರು ಬೇಕು, ಹಳೆಯದಾದರೂ ಪರವಾಗಿಲ್ಲ, ಆದರೆ ಮಕ್ಕಳು ಬೇಡ ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ.

ತಗೊಳ್ಳಿ. ನಾನು ಮೈಸೂರಿನವನು. ಕಾರ್ಖಾನೆಯ ಟೂಲ್ ರೂಮಿನಲ್ಲಿ (ಅಚ್ಚು, ಉಪಕರಣ ತಯಾರಿಸುವ ವಿಭಾಗ) 33 ವರ್ಷ ಕೆಲಸ ಮಾಡಿ ನಿವೃತ್ತನಾದೆ. 2023ರಲ್ಲಿ, ನನಗೆ 63 ಆಗಿದ್ದಾಗ, 2012ರ ಆಡಿ ಟಿಟಿ ಎಂಬ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಕೊಂಡೆ. ಅದಕ್ಕೂ ಮೊದಲು ನಮ್ಮಲ್ಲಿದ್ದದ್ದು ಮಾರುತಿ 800, ಆಮೇಲೆ ವ್ಯಾಗನ್ ಆರ್. ಕೊಂಡದ್ದಕ್ಕೆ ಒಂದು ದಿನವೂ ಬೇಸರಪಟ್ಟಿಲ್ಲ.

ಮೊದಲು ಮಂಡಿಯ ವಿಷಯ. ಇಂಥ ಕಾರಿನ ಸೀಟು ನೆಲಕ್ಕೆ ತುಂಬಾ ಹತ್ತಿರ. ಶೋರೂಮಿನಲ್ಲಿ ಒಂದು ಸಲ ಕೂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹತ್ತು ಸಲ ಹತ್ತಿ ಇಳಿಯಿರಿ. ಪಕ್ಕದಲ್ಲಿ ಗೋಡೆ ಇದ್ದು ಬಾಗಿಲು ಅರ್ಧ ಮಾತ್ರ ತೆರೆಯುವ ಜಾಗದಲ್ಲೂ ಇಳಿದು ನೋಡಿ, ಯಾಕೆಂದರೆ ಎರಡು ಬಾಗಿಲಿನ ಕಾರಿನ ಬಾಗಿಲು ಉದ್ದ. ನಿಮ್ಮವರನ್ನೂ ಕೂರಿಸಿ. ನನ್ನ ಹೆಂಡತಿಗೆ ಸೊಂಟ ನೋವಿದೆ. ಅವಳು ಒಂದು ಗಂಟೆ ಕೂತು ಬಂದು "ಆಗುತ್ತೆ" ಅಂದ ಮೇಲೆಯೇ ನಾನು ಬೆಲೆಯ ಮಾತು ಎತ್ತಿದ್ದು.

ಇನ್ನು ಕಾರಿನ ಆಯ್ಕೆ. ಹೊಸಬರೆಲ್ಲ ಬೀಳುವುದು ಕಡಿಮೆ ಕಿಲೋಮೀಟರ್ ಎಂಬ ಆಸೆಗೆ. ನಾನೂ ಬೀಳುವುದರಲ್ಲಿದ್ದೆ. ಬೆಂಗಳೂರಿನಲ್ಲಿ ಒಂದು ಕೆಂಪು ಕಾರು ನೋಡಿದೆ. ಮೇಲ್ಛಾವಣಿ ಮಡಚುವಂಥದ್ದು. ಓಡಿದ್ದು ಬರೀ 14,000 ಕಿಲೋಮೀಟರ್. ಅಂಥದ್ದೇ ಬೇರೆ ಕಾರುಗಳಿಗಿಂತ ನಾಲ್ಕು ಲಕ್ಷ ಕಡಿಮೆ ಹೇಳಿದರು. ಮನಸ್ಸು ಪೂರ್ತಿ ಅದರ ಕಡೆ ಹೋಗಿತ್ತು. ನನ್ನ ಜೊತೆ ಬಂದಿದ್ದ ಮೆಕ್ಯಾನಿಕ್ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಇತ್ತು. ಕಾರ್ಪೆಟ್ ಎತ್ತಿದರೆ ಮುಗ್ಗಲು ವಾಸನೆ. 2022ರ ಸೆಪ್ಟೆಂಬರ್ ಮಳೆಗೆ ಹೊರ ವರ್ತುಲ ರಸ್ತೆ, ಸರ್ಜಾಪುರದ ಕಡೆ ಬಡಾವಣೆಗಳಲ್ಲಿ ದುಬಾರಿ ಕಾರುಗಳು ನೀರಿನಲ್ಲಿ ನಿಂತಿದ್ದು ನಿಮಗೂ ನೆನಪಿರಬೇಕು. ಇದೂ ಯಾವುದೋ ನೀರು ಕುಡಿದ ಕಾರೇ. ಸುಮ್ನೆ ಎದ್ದು ಬಂದೆವು. ಅದಕ್ಕೇ ಹೇಳುತ್ತೇನೆ, ಬೆಲ್ಟ್ ಎಳೆಯಿರಿ, ಸ್ಟೆಪ್ನಿ ಇಡುವ ಗುಂಡಿ ನೋಡಿ, ಸೀಟಿನ ಕೆಳಗಿನ ಬೋಲ್ಟ್‌ಗಳಿಗೆ ತುಕ್ಕು ಹಿಡಿದಿದೆಯಾ ಎಂದು ಟಾರ್ಚ್ ಹಾಕಿ ನೋಡಿ.

ನೀರಿಗೆ ಸಿಗದಿದ್ದರೂ, ಸುಮ್ಮನೆ ನಿಂತ ಯಂತ್ರ ಕೆಡುತ್ತದೆ. ಟೂಲ್ ರೂಮಿನಲ್ಲಿ ಇದನ್ನು ಕಣ್ಣಾರೆ ಕಂಡವನು ನಾನು. ರಬ್ಬರ್ ಗಟ್ಟಿಯಾಗುತ್ತದೆ, ಸೀಲ್ ಸೋರುತ್ತದೆ, ಬ್ಯಾಟರಿ ಸಾಯುತ್ತದೆ. ಟೈರಿನ ಗೋಡೆಯ ಮೇಲೆ DOT (ಡಾಟ್) ಎಂದು ಶುರುವಾಗುವ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2316 ಅಂದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ಅಂಥ ಟೈರಿನಲ್ಲಿ ಗ್ರಿಪ್ ಗೆರೆ ಎಷ್ಟೇ ಚೆನ್ನಾಗಿ ಕಂಡರೂ ನಂಬಬೇಡಿ, ನಾಲ್ಕೂ ಹೊಸದು ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ನಾನು ಕೊಂಡ ಟಿಟಿ 68,000 ಕಿಲೋಮೀಟರ್ ಓಡಿತ್ತು. ಅದರ ಜೊತೆ ಬಂದದ್ದು ಒಂದು ದಪ್ಪ ಫೈಲು. ಮೊದಲ ಸರ್ವೀಸಿನಿಂದ ಎಲ್ಲ ಬಿಲ್ಲೂ ಅದರಲ್ಲಿತ್ತು. ಈ ಕಾರಿನ ಆರು ಗೇರಿನ, ಎರಡು ಕ್ಲಚ್ ಬಳಸಿ ತಾನೇ ಗೇರ್ ಬದಲಿಸುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿಗೆ 60,000 ಕಿಲೋಮೀಟರಿಗೊಮ್ಮೆ ಆಯಿಲ್ ಮತ್ತು ಫಿಲ್ಟರ್ ಬದಲಿಸಬೇಕು. ಜನ ಅದನ್ನೇ ತಪ್ಪಿಸುವುದು. ಆ ಬಿಲ್ಲನ್ನು ಫೈಲಿನಲ್ಲಿ ನೋಡಿದಾಗಲೇ ನನಗೆ ಅರ್ಧ ಧೈರ್ಯ ಬಂತು. ನೀವು ಯಾವ ಮಾಡೆಲ್ ನೋಡಿದರೂ ಅದರ ದುಬಾರಿ ಕೆಲಸ ಯಾವುದು, ಎಷ್ಟು ಕಿಲೋಮೀಟರಿಗೆ ಬರುತ್ತದೆ ಎಂದು ಮೊದಲು ತಿಳಿದುಕೊಳ್ಳಿ, ಆಮೇಲೆ ಅದೇ ಬಿಲ್ಲನ್ನು ಕೇಳಿ. ಕೊಡಲು ತಡಬಡಾಯಿಸಿದರೆ ಬೇರೆ ಕಾರು ನೋಡಿ. ಆ ಮಾಡೆಲ್ ಗೊತ್ತಿರುವ ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆ ಏರಿಸಿ, ಕಾರಿನ ಕಂಪ್ಯೂಟರಿನಲ್ಲಿರುವ ದೋಷ ಓದುವ ಸ್ಕ್ಯಾನರ್ ಹಾಕಿಸಿ ನೋಡದೆ ಅಡ್ವಾನ್ಸ್ ಕೊಡಲೇಬೇಡಿ.

ಕಾಗದಪತ್ರದಲ್ಲಿ ನಮ್ಮ ರಾಜ್ಯದವರು ಜಾಸ್ತಿ ಹುಷಾರಾಗಿರಬೇಕು. ದೆಹಲಿಯ ಕಾರುಗಳು ಅಗ್ಗವಾಗಿ ಕಾಣುತ್ತವೆ. ಆದರೆ ಇಲ್ಲಿಗೆ ತಂದು ಮರುನೋಂದಣಿ ಮಾಡಿಸುವಾಗ ಜೀವಾವಧಿ ತೆರಿಗೆ ಕಟ್ಟಬೇಕು. 20 ಲಕ್ಷಕ್ಕಿಂತ ಮೇಲಿನ ಕಾರಿಗೆ ನಮ್ಮಲ್ಲಿ ಅದು ಶೇಕಡ 18, ಮೇಲೆ ಸೆಸ್. ಕಾರು ಹಳೆಯದಾದಷ್ಟೂ ತೆರಿಗೆ ಇಳಿಯುತ್ತದೆ ನಿಜ, ಆದರೆ ಲೆಕ್ಕ ಹಿಡಿಯುವುದು ಅದು ಹೊಸದಾಗಿದ್ದಾಗಿನ ಬೆಲೆಯ ಮೇಲೆ. ಪುದುಚೇರಿ ನಂಬರಿನ ಕಾರಂತೂ ಬೇಡ. ಹೊರ ರಾಜ್ಯದ ನಂಬರಿನಲ್ಲಿ ಇಲ್ಲೇ ಓಡುವ ಐಷಾರಾಮಿ ಕಾರುಗಳನ್ನು ಸಾರಿಗೆ ಇಲಾಖೆ ಹಿಡಿಯುತ್ತಲೇ ಇದೆ. ನಾನು ಕೆಎ ನಂಬರಿನದ್ದನ್ನೇ ಹುಡುಕಿದೆ. ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ನನ್ನದಕ್ಕೆ 2027ರಲ್ಲಿ ರಿನ್ಯೂವಲ್ ಇದೆ. ಸಾಲ ಇದ್ದ ಕಾರಾದರೆ, ಸಾಲ ತೀರಿದೆ ಎಂಬ ಬ್ಯಾಂಕಿನ ಎನ್‌ಒಸಿ ಮತ್ತು ಸಾಲದ ನಮೂದು ತೆಗೆಸುವ ಫಾರ್ಮ್ 35 ಕೈಗೆ ಬರದೆ ಪೂರ್ತಿ ಹಣ ಕೊಡಬೇಡಿ. ಆರ್‌ಸಿ ಜೊತೆಗೇ ಇನ್ಶೂರೆನ್ಸನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಅದಕ್ಕೆ 14 ದಿನ ಮಾತ್ರ ಸಮಯ. ಹಳೇ ಮಾಲೀಕನ ಹೆಸರಲ್ಲೇ ಇದ್ದಾಗ ಅಪಘಾತವಾದರೆ ನಿಮ್ಮ ಕಾರಿನ ರಿಪೇರಿಗೆ ದುಡ್ಡು ಸಿಗುವುದು ಕಷ್ಟ.

ಹಣದ ಬಗ್ಗೆ ಒಂದೇ ಮಾತು. ಇದಕ್ಕೆ ಸಾಲ ಬೇಡ. ನಾನು ಗ್ರಾಚ್ಯುಟಿಯ ಹಣದಲ್ಲಿ ಕೊಂಡೆ, ಪಿಎಫ್ ಮುಟ್ಟಲಿಲ್ಲ. ಕಾರಿನ ಬೆಲೆಯ ಕಾಲು ಭಾಗದಷ್ಟು ಹಣವನ್ನು ರಿಪೇರಿಗೆಂದು ಬೇರೆ ಎತ್ತಿಟ್ಟೆ. ಎರಡನೇ ವರ್ಷ ಸಸ್ಪೆನ್ಷನ್ ಕೆಲಸ ಬಂದಾಗ ಅದೇ ಕಾಪಾಡಿತು.

ಮಕ್ಕಳ ಹೆದರಿಕೆ ಸುಳ್ಳಲ್ಲ. 211 ಹಾರ್ಸ್‌ಪವರ್ ಕಾಲಡಿ ಇರುತ್ತದೆ, ನಮ್ಮ ಕಣ್ಣು ಮೊದಲಿನಂತಿಲ್ಲ. ನಾನು ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ ಹೊಸ ಕನ್ನಡಕ ಹಾಕಿಸಿದೆ. ಮೊದಲ ತಿಂಗಳು ಮಳೆಯಲ್ಲಿ, ರಾತ್ರಿಯಲ್ಲಿ ಕಾರು ಹೊರಗೆ ತೆಗೆಯಲಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮಿತಿ 100, ಕ್ಯಾಮೆರಾ ಇದೆ, 130 ದಾಟಿದರೆ ಎಫ್‌ಐಆರ್. ನಿಜ ಹೇಳಬೇಕೆಂದರೆ ಈ ಕಾರಿನ ಖುಷಿ ವೇಗದಲ್ಲಿಲ್ಲ. 70ರಲ್ಲಿ ಒಂದು ತಿರುವು ತಗೊಂಡಾಗ ಸ್ಟೀರಿಂಗ್ ಕೈಗೆ ಹೇಳುವ ಮಾತು ಇದೆಯಲ್ಲ, ಕೂದಲೆಳೆಯಷ್ಟು ದಪ್ಪವನ್ನೂ ಅಳೆಯುವ ಮೈಕ್ರೋಮೀಟರನ್ನು 33 ವರ್ಷ ಹಿಡಿದ ಕೈಗೆ ಅದು ತಟ್ಟನೆ ಅರ್ಥವಾಯಿತು.

ಭಾನುವಾರ ಬೆಳಗ್ಗೆ ಐದೂವರೆಗೆ ಹೊರಡುತ್ತೇವೆ. ನಂಜನಗೂಡು ದಾಟಿ ಗುಂಡ್ಲುಪೇಟೆ, ಅಲ್ಲಿ ಇಡ್ಲಿ, ಕಾಫಿ, ಒಂಬತ್ತರ ಒಳಗೆ ಮನೆ. ಮುಂದೆ ಬಂಡೀಪುರದ ಕಾಡಿನ ರಸ್ತೆಯಲ್ಲಿ ಹಂಪುಗಳು ಜಾಸ್ತಿ, ತಗ್ಗಾದ ಕಾರಿನ ಹೊಟ್ಟೆ ತಾಗುತ್ತದೆ. ಅಲ್ಲಿಗೆ, ಆಸ್ಪತ್ರೆಗೆ, ಮೊಮ್ಮಕ್ಕಳನ್ನು ಕರೆತರುವುದಕ್ಕೆ ನಮಗೆ ಈಗಲೂ ವ್ಯಾಗನ್ ಆರ್ ಬೇಕು. ಹಾಗಾಗಿ ನಿಮ್ಮ ಹಳೇ ಕಾರನ್ನು ಮಾರಿ ಆ ಹಣವನ್ನು ಇದಕ್ಕೆ ಸೇರಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಎರಡಕ್ಕೂ ಜಾಗ ಇದೆಯಾ ಎಂದು ಇವತ್ತೇ ಟೇಪ್ ಹಿಡಿದು ಅಳೆದು ನೋಡಿ.