ಮಂಗಳೂರಿಂದ ನ್ಯೂಜೆರ್ಸಿಗೆ ಬಂದ ವ್ಯಾಲ್ಯುಯರ್ ತಮ್ಮನಿಗೆ

ನೀವು ಬರೆದದ್ದನ್ನು ಎರಡು ಸಲ ಓದಿದೆ. ಮಂಗಳೂರಲ್ಲಿ ನಾಲ್ಕು ಬ್ಯಾಂಕಿನ ಪ್ಯಾನೆಲಲ್ಲಿ ಆಸ್ತಿಗೆ ಬೆಲೆ ಕಟ್ಟುವ ವ್ಯಾಲ್ಯುಯರ್ ಆಗಿ ಇದ್ದೆ, ಮ್ಯಾನೇಜರ್ ಫೋನ್ ಮಾಡಿದ್ರೆ ಬೈಕ್ ಹತ್ತಿ ಸೈಟಿಗೆ ಹೋಗುದು, ಎರಡು ದಿನದಲ್ಲಿ ರಿಪೋರ್ಟ್ ಕೊಡುದು, ಇಲ್ಲಿ ಎರಡೂವರೆ ವರ್ಷ ಒಬ್ಬರ ಕೈಕೆಳಗೆ ದುಡಿದು ಕಳೆದ ತಿಂಗಳು ಎಲ್ಲ ತರದ ಆಸ್ತಿಗೂ ಬೆಲೆ ಕಟ್ಟಬಹುದಾದ ಸರ್ಟಿಫೈಡ್ ಜನರಲ್ ಲೈಸೆನ್ಸ್ ಬಂತು, ಈಗ ಸ್ವಂತ ಶುರು ಮಾಡಿದ್ದೇನೆ ಆದ್ರೆ ಯಾವ ಬ್ಯಾಂಕಿನವರೂ ಫೋನ್ ಎತ್ತುದಿಲ್ಲ, ಕಮರ್ಷಿಯಲ್ ಕೆಲಸಕ್ಕೆ ಕ್ಲೈಂಟ್ ಎಲ್ಲಿಂದ ತರುದು ಅಣ್ಣಾ ಅಂತ ಕೇಳಿದ್ದೀರಿ. ಹೆಂಡತಿ ಮಗುವನ್ನು ಈಗಲೇ ಕರೆಸಬಹುದಾ, ಎಡಿಸನ್ ಕಡೆಯೇ ಮನೆ ಮಾಡುದಾ ಅಂತಲೂ ಕೇಳಿದ್ದೀರಿ. ಅಣ್ಣ ಅಂದದ್ದಕ್ಕೆ ಅಣ್ಣನ ಹಾಗೆಯೇ ಹೇಳ್ತೇನೆ.

ಮನೆ ವಿಷಯ ಬೇಗ ಮುಗಿಸ್ತೇನೆ. ಕರೆಸಿ. ಎಡಿಸನಲ್ಲಿ ಬಾಡಿಗೆ ಜಾಸ್ತಿ, ಆದ್ರೂ ಅವರು ಹಗಲು ಒಬ್ಬರೇ ಇರುವಾಗ ಸುತ್ತ ನಮ್ಮ ಜನ ಇರ್ಬೇಕು, ಪುತ್ತಿಗೆ ಮಠದ ಕೃಷ್ಣ ವೃಂದಾವನವೂ ಅಲ್ಲೇ ಉಂಟು. ಚಳಿ ಅಭ್ಯಾಸ ಆಗ್ತದೆ.

ನಾನು ನ್ಯೂವಾರ್ಕಲ್ಲಿ ಇಳಿದದ್ದು 2001ರ ಜನವರಿ. ಬ್ರಹ್ಮಾವರದಿಂದ ಅಮ್ಮ ಕಟ್ಟಿಕೊಟ್ಟ ಹಲಸಿನ ಹಪ್ಪಳದ ಕಟ್ಟು, ಅದರ ಕೆಳಗೆ ಪ್ಲಾಸ್ಟಿಕಲ್ಲಿ ಸುತ್ತಿದ ಒಂದು ಫೈಲು, ಅದರಲ್ಲಿ ಊರಲ್ಲಿ ಬರೆದ ರಿಪೋರ್ಟಿನ ಕಾಪಿಗಳು, ಮತ್ತೆ ನನ್ನ ಹೆಸರಿನ ರಬ್ಬರ್ ಸ್ಟ್ಯಾಂಪು, ಇಂಕ್ ಪ್ಯಾಡ್ ಸಮೇತ. ಇಷ್ಟು ಕಟ್ಟಡಕ್ಕೆ ಬೆಲೆ ಕಟ್ಟಿದವ ನಾನು, ಫೈಲ್ ನೋಡಿದ್ರೆ ಯಾರಾದ್ರೂ ಕೆಲಸ ಕೊಡ್ತಾರೆ ಅಂತ ನಂಬಿದ್ದೆ. ಯಾರೂ ನೋಡ್ಲಿಲ್ಲ. ಸೆಂಟ್ಸ್ ಲೆಕ್ಕ, ಆರ್‌ಟಿಸಿ, ಗೈಡೆನ್ಸ್ ವ್ಯಾಲ್ಯೂ ಇದೆಲ್ಲ ಇಲ್ಲಿ ಯಾರಿಗೆ ಬೇಕು. ನಾನೂ ಮೊದ್ಲಿಂದ ಟ್ರೈನಿ ಆಗಿ ಶುರು ಮಾಡಿದ್ದು, ಆಗ 3000 ಗಂಟೆ ಅನುಭವಕ್ಕೆ ಕನಿಷ್ಠ 30 ತಿಂಗಳು ಬೇಕಿತ್ತು, 2018ರಲ್ಲಿ ಅದನ್ನು 18 ತಿಂಗಳಿಗೆ ಇಳಿಸಿದ್ರು. ನೀವು ಅದನ್ನು ದಾಟಿ ಬಂದದ್ದು ದೊಡ್ಡ ಸಂಗತಿ, ಅದನ್ನು ಸಣ್ಣದು ಮಾಡಿ ಬರೀಬೇಡಿ.

ಈಗ ಬ್ಯಾಂಕ್. ನೀವು ಫೋನ್ ಮಾಡುದು ಲೋನ್ ಆಫೀಸರಿಗೆ ಅಂತ ಕಾಣ್ತದೆ. ಐದು ದೊಡ್ಡ ಬ್ಯಾಂಕ್ ಹುಟ್ಟಿದ ಊರಿನವರು ನಾವು, ಮ್ಯಾನೇಜರ್ ಗುರ್ತ ಉಂಟು ಅಂದ್ರೆ ಅರ್ಧ ಕೆಲಸ ಆದ ಹಾಗೆ ಅಂತ ನಮ್ಮ ರಕ್ತದಲ್ಲೇ ಉಂಟು. ಇಲ್ಲಿ ಅದು ಉಲ್ಟಾ. ಎಂಬತ್ತರ ದಶಕದಲ್ಲಿ ಇಲ್ಲಿಯ ಸೇವಿಂಗ್ಸ್ ಆ್ಯಂಡ್ ಲೋನ್ ಸಂಸ್ಥೆಗಳು ಸಾಲುಸಾಲಾಗಿ ಮುಳುಗಿದವು, ಸಾಲ ಕೊಡುವವರಿಗೆ ಬೇಕಾದ ಹಾಗೆ ಬೆಲೆ ಕಟ್ಟಿದ ಅಪ್ರೈಸಲ್‌ಗಳೂ ಅದಕ್ಕೆ ಒಂದು ಕಾರಣ, ಅದಕ್ಕೇ 1989ರಲ್ಲಿ ಕಾನೂನು ಬಂದು ಈ ಲೈಸೆನ್ಸ್ ಪದ್ಧತಿ ಶುರುವಾದದ್ದು. ಸಾಲ ಕೊಟ್ಟು ಟಾರ್ಗೆಟ್ ಮುಟ್ಟಿಸುವವ ಬೆಲೆ ಕಟ್ಟುವ ಅಪ್ರೈಸರನ್ನು ಆರಿಸುವ ಹಾಗಿಲ್ಲ, ಅದಕ್ಕೆ ಬೇರೆಯೇ ವಿಭಾಗ ಉಂಟು. ಚೀಫ್ ಅಪ್ರೈಸರ್ ಅಥವಾ ಅಪ್ರೈಸಲ್ ಮ್ಯಾನೇಜರ್ ಯಾರು ಅಂತ ಹುಡುಕಿ ಅವರಿಗೆ ಬರೀರಿ. ಲೈಸೆನ್ಸ್ ಕಾಪಿ, ಇನ್ಶೂರೆನ್ಸ್, ಯಾವ ಕೌಂಟಿಗಳಲ್ಲಿ ಮಾಡ್ತೀರಿ, ಯಾವ ತರದ ಕಟ್ಟಡ ಗೊತ್ತು, ಒಂದು ಸ್ಯಾಂಪಲ್ ರಿಪೋರ್ಟ್. ಸ್ಯಾಂಪಲಲ್ಲಿ ಕ್ಲೈಂಟ್ ಹೆಸರು, ವಿಳಾಸ, ಅಂಕಿ ಎಲ್ಲ ಕಪ್ಪು ಮಾಡಿ ಕಳಿಸಿ, ಇನ್ನೊಬ್ಬರ ಗುಟ್ಟು ಬಿಟ್ಟುಕೊಡುವವ ಅಂತ ಮೊದಲ ದಿನವೇ ತೋರಿಸಿಕೊಳ್ಳಬಾರದು. ಸಣ್ಣ ಕಮ್ಯುನಿಟಿ ಬ್ಯಾಂಕ್, ಕ್ರೆಡಿಟ್ ಯೂನಿಯನ್ ಇವುಗಳಿಂದ ಶುರು ಮಾಡಿ. ಲಿಸ್ಟಿಗೆ ಹಾಕಿದ ಮೇಲೆ ಒಂದು ಕೆಲಸಕ್ಕೆ ಮೂರ್ನಾಲ್ಕು ಜನರಿಗೆ ಬಿಡ್ ಕಳಿಸ್ತಾರೆ, ಎಷ್ಟು ಫೀಸು ಎಷ್ಟು ದಿನ ಅಂತ. ಆಗುದಿಲ್ಲ ಅಂತಾದ್ರೂ ಅದೇ ದಿನ ಉತ್ತರ ಕೊಡಿ, ನನಗೆ ಕೆಲಸ ಗಟ್ಟಿಯಾದದ್ದು ಹೀಗೆ ಆಗುದಿಲ್ಲ ಅಂತ ಬೇಗ ಹೇಳಿಯೇ. ದೀಪಾವಳಿಗೆ ಸ್ವೀಟ್ ಬಾಕ್ಸ್ ಹಿಡ್ಕೊಂಡು ಹೋಗ್ಬೇಡಿ. ಕೆಲಸ ಸಿಗ್ಲಿಕ್ಕೆ ಏನಾದ್ರೂ ಬೆಲೆಬಾಳುವುದು ಕೊಟ್ಟಿದ್ರೆ ರಿಪೋರ್ಟಿನ ಸರ್ಟಿಫಿಕೇಶನಲ್ಲಿ ಬರೀಬೇಕು ಅಂತ ಅಪ್ರೈಸರುಗಳು ಪಾಲಿಸಬೇಕಾದ ಯೂಸ್‌ಪ್ಯಾಪ್ ನಿಯಮ ಉಂಟು, ನಿಮಗೂ ಗೊತ್ತು.

ಇನ್ನೊಂದು, ಕಮರ್ಷಿಯಲ್ ಸಾಲ 5 ಲಕ್ಷ ಡಾಲರ್ ಒಳಗೆ ಇದ್ರೆ 2018ರಿಂದ ಬ್ಯಾಂಕಿಗೆ ನಮ್ಮ ಅಪ್ರೈಸಲ್ ಕಡ್ಡಾಯ ಅಲ್ಲ. ಸಣ್ಣ ಅಂಗಡಿ ಕೆಲಸ ಎಲ್ಲ ಅದರಲ್ಲಿ ಹೋಯ್ತು. ಹಾಗಾಗಿ ಬ್ಯಾಂಕ್ ಒಂದನ್ನೇ ನಂಬಿ ಕೂತ್ರೆ ಹೊಟ್ಟೆ ತುಂಬುದಿಲ್ಲ.

ನನ್ನ ಅನ್ನ ಬಂದದ್ದು ಹೆಚ್ಚು ವಕೀಲರಿಂದ. ನ್ಯೂಜೆರ್ಸಿಯಲ್ಲಿ ಆಸ್ತಿ ತೆರಿಗೆ ಎಷ್ಟು ಅಂತ ನೋಡಿದ್ದೀರಲ್ವಾ, ಪ್ರತಿ ವರ್ಷ ಸ್ಟ್ರಿಪ್ ಮಾಲ್ ಅಂದ್ರೆ ರಸ್ತೆ ಬದಿಯ ಅಂಗಡಿ ಸಾಲು, ವೇರ್‌ಹೌಸ್ ಮಾಲೀಕರು ಅಪೀಲ್ ಹಾಕ್ತಾರೆ. ಹೆಚ್ಚಿನ ಕೌಂಟಿಗಳಲ್ಲಿ ಏಪ್ರಿಲ್ 1ರ ಒಳಗೆ, ತೆರಿಗೆಗೆ ಅಂತ ಕಟ್ಟಿದ ಬೆಲೆ ಅಂದ್ರೆ ಅಸೆಸ್‌ಮೆಂಟ್ 10 ಲಕ್ಷ ಡಾಲರ್ ದಾಟಿದ್ರೆ ಸೀದಾ ಟ್ಯಾಕ್ಸ್ ಕೋರ್ಟಿಗೇ ಹೋಗಬಹುದು. ಅದಕ್ಕೆ ನಾವು ಬೆಲೆ ಕಟ್ಟಬೇಕಾದ್ದು ಹಿಂದಿನ ವರ್ಷದ ಅಕ್ಟೋಬರ್ 1ಕ್ಕೆ. ಹಾಗಾಗಿ ಆ ವಕೀಲರನ್ನು ನೋಡ್ಬೇಕಾದ್ದು ನವೆಂಬರ್ ಡಿಸೆಂಬರಲ್ಲಿ, ಮಾರ್ಚಲ್ಲಿ ಹೋದ್ರೆ ಅವರಿಗೆ ತಲೆ ಎತ್ತಲಿಕ್ಕೆ ಪುರ್ಸೊತ್ತಿಲ್ಲ. ತೆರಿಗೆಗೆ ಬೆಲೆ ಕಟ್ಟುವ ಟೌನಿನ ಅಸೆಸರ್ ಕಳಿಸುವ ಚಾಪ್ಟರ್ 91 ಕಾಗದಕ್ಕೆ 45 ದಿನದಲ್ಲಿ ಬಾಡಿಗೆ ಲೆಕ್ಕ ಕೊಡದಿದ್ರೆ ಅಪೀಲೇ ಬಿದ್ದುಹೋಗ್ತದೆ, ಭಾರತೀಯ ಅಂಗಡಿಗಳ ಓಕ್ ಟ್ರೀ ರೋಡಿನ ನಮ್ಮವರು ಸುಮಾರು ಜನ ಆ ಕಾಗದ ಡ್ರಾವರಲ್ಲಿ ಹಾಕಿ ಮರೀತಾರೆ. ಇದನ್ನು ಹೋದಲ್ಲಿ ಬಂದಲ್ಲಿ ಹೇಳ್ತಾ ಇರಿ, ದುಡ್ಡು ಕೇಳಬೇಡಿ, ನಿಮ್ಮ ಹೆಸರು ತನ್ನಷ್ಟಕ್ಕೆ ಉಳೀತದೆ. ಕೋರ್ಟಲ್ಲಿ ಸಾಕ್ಷಿ ಹೇಳ್ಲಿಕ್ಕೆ ಹೆದರುವ ಅಪ್ರೈಸರುಗಳು ಬಹಳ, ನೀವು ಹೆದರಬೇಡಿ. ಗೆದ್ರೆ ಮಾತ್ರ ಫೀಸು ಅಂತ ಯಾರಾದ್ರೂ ಹೇಳಿದ್ರೆ ಎದ್ದು ಬನ್ನಿ, ವಕೀಲ ಹಾಗೆ ತಗೊಳ್ಬಹುದು, ನಾವು ಆಗುದಿಲ್ಲ. ತೆರಿಗೆ ಲೆಕ್ಕ ನೋಡುವ ಸಿಪಿಎಗಳನ್ನೂ ನೋಡಿ, ಯಾರಾದ್ರೂ ತೀರಿಕೊಂಡ್ರೆ ಆ ದಿನಕ್ಕೆ ಕಟ್ಟಡದ ಬೆಲೆ ಎಷ್ಟಿತ್ತು ಅಂತ ಅವರಿಗೆ ಬೇಕಾಗ್ತದೆ.

ಆದ್ರೆ ನಾನು ಕೂತು ಬರೀಲಿಕ್ಕೆ ಕಾರಣ ನಿಮ್ಮ ಕೊನೆಯ ಸಾಲು. ಊರಿನ ಹೋಟೆಲಿನವರು ಒಬ್ಬರು ರೀಫೈನಾನ್ಸಿಗೆ ರಿಪೋರ್ಟ್ ಕೇಳಿದ್ದಾರೆ, ಮೊದಲ ಕೆಲಸ ನಮ್ಮವರಿಂದಲೇ ಸಿಗ್ತಾ ಉಂಟು ಅಂತ ಖುಷಿಯಲ್ಲಿ ಬರೆದಿದ್ದೀರಿ. ಅದನ್ನು ಈಗಲೇ ನಿಲ್ಲಿಸಿ ಮಾರಾಯ್ರೆ.

2008ರ ಜೂನಲ್ಲಿ ನಾನೂ ಹೊಸತಾಗಿ ಸ್ವಂತ ಕೂತಿದ್ದೆ. ಕುಂದಾಪುರ ಕಡೆಯ ಹಿರಿಯರು ಒಬ್ಬರು, ಆರು ಅಂಗಡಿಯ ಸ್ಟ್ರಿಪ್ ಮಾಲ್, ಮೂಲೆಯಲ್ಲಿ ಅವರದ್ದೇ ಹೋಟೆಲ್. ಹಳೆ ಸಾಲ ತೀರಿಸಿ ಹೊಸತು ತೆಗೀಬೇಕಿತ್ತು. ಬೇರೆಯವರಿಗೆ ಯಾಕೆ, ನಮ್ಮ ಹುಡುಗನೇ ಮಾಡ್ಲಿ ಅಂತ ಕರೆದ್ರು. ಲೋನ್ ಆಫೀಸರ್ ಕೂಡ ಕಳಿಸಿ ನೋಡುವ ಅಂದನಂತೆ. ನಾನು ಮೂರು ವಾರ ಕೂತು 90 ಪುಟ ಬರೆದೆ, ಆರೂ ಲೀಸ್ ಓದಿ ಬಾಡಿಗೆಗಳನ್ನು ತಾಳೆ ನೋಡಿ, ಅಷ್ಟು ಒಳ್ಳೆ ರಿಪೋರ್ಟ್ ಅದಕ್ಕಿಂತ ಮೊದ್ಲು ಬರೆದಿರ್ಲಿಲ್ಲ. 3,200 ಡಾಲರ್. ಅವರು ಚೆಕ್ ಬರೆದದ್ದು ಹೋಟೆಲಿನ ಕಿಚನಲ್ಲಿ, ನೀರುದೋಸೆ ಕಾವಲಿಯ ಪಕ್ಕ ನಿಂತು, ಚೆಕ್ಕಿನ ಮೂಲೆಗೆ ಎಣ್ಣೆ ತಾಗಿತ್ತು, ಬ್ಯಾಂಕಲ್ಲಿ ತಗೊಳ್ತಾರೋ ಇಲ್ವೋ ಅಂತ ಲುಂಗಿಯಲ್ಲಿ ಒರೆಸಿ ಕೊಟ್ರು.

ಬ್ಯಾಂಕಿನ ಅಪ್ರೈಸಲ್ ವಿಭಾಗ ಅದನ್ನು ಓದ್ಲೇ ಇಲ್ಲ. ಸಾಲ ಕೇಳುವವ ತರಿಸಿದ ರಿಪೋರ್ಟ್ ಬಳಸುವ ಹಾಗಿಲ್ಲ, ನಾವೇ ಬೇರೆಯವರಿಂದ ಮಾಡಿಸ್ಬೇಕು ಅಂದ್ರು. ಹಾಗಾದ್ರೆ ಮೊದಲ ಪುಟದಲ್ಲಿ ಬ್ಯಾಂಕಿನ ಹೆಸರು ಹಾಕಿ ಕೊಡು, ಅಷ್ಟೇ ಅಲ್ವಾ ಅಂತ ಆ ಹಿರಿಯರು ಕೇಳಿದ್ರು. ಊರಲ್ಲಾದ್ರೆ ಒಂದು ಹಾಳೆ ಬದ್ಲಾಯಿಸುವ ಕೆಲಸ. ಇಲ್ಲಿ ಮುಗಿದ ರಿಪೋರ್ಟನ್ನು ಹೆಸರು ತಿದ್ದಿ ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ, ಅದನ್ನು ನಾನು ಹೇಳುವಾಗ ಅವರ ಮುಖ ನೋಡ್ಲಿಕ್ಕೆ ಆಗ್ಲಿಲ್ಲ. ಎರಡನೇ ರಿಪೋರ್ಟಿಗೆ ಮತ್ತೆ ದುಡ್ಡು ಕೊಟ್ರು, ಅದು ಬರುವಾಗ ಸೆಪ್ಟೆಂಬರ್ ಅರ್ಧ ಆಗಿತ್ತು, 15ಕ್ಕೆ ಲೇಮನ್ ಬ್ರದರ್ಸ್ ಅಂಬ ದೊಡ್ಡ ಬ್ಯಾಂಕ್ ಮುಳುಗಿತು, ಬ್ಯಾಂಕ್ ಕೈ ಎತ್ತಿತು. ಮುಂದಿನ ವರ್ಷ ಮಾಲ್ ಮಾರಿದ್ರು, ಹೋಟೆಲ್ ಬಾಡಿಗೆಗೆ ಉಳೀತು.

ಅವರು ನನಗೆ ಒಂದು ಮಾತು ಬೈಲಿಲ್ಲ. ಇರ್ಲಿ ಮಾರಾಯ, ನೀನು ಕೆಲಸ ಮಾಡಿದ್ದಿಯಲ್ಲ ಅಂದ್ರು. ನಾನೂ ಹಾಗೇ ಅಂದ್ಕೊಂಡೆ, ಕೆಲಸ ಮಾಡಿದ್ದೇನಲ್ಲ ಅಂತ. ಈ ರಿಪೋರ್ಟ್ ಯಾರ ಕೈಗೆ ಹೋಗ್ತದೆ, ಅವರು ಇದನ್ನು ಒಪ್ತಾರಾ ಅಂತ ಮೊದಲ ದಿನ ಒಂದು ಫೋನ್ ಮಾಡಿ ಕೇಳಬೇಕಾದವ ನಾನು. ಇಂಟೆಂಡೆಡ್ ಯೂಸರ್, ಅಂದ್ರೆ ರಿಪೋರ್ಟ್ ಯಾರ ಬಳಕೆಗೆ, ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಕೆಲಸ ಸಿಕ್ಕಿದ ಸಂತೋಷದಲ್ಲಿ ಕೇಳ್ಲಿಲ್ಲ. ಕೈಯಲ್ಲಿ ಸ್ವಲ್ಪ ದುಡ್ಡು ನಿಂತ ಮೇಲೆ ಆ 3,200 ವಾಪಸ್ ಕೊಡುವ ಅಂತ ಇದ್ದೆ, ಈ ವರ್ಷ ಮುಂದಿನ ವರ್ಷ ಅಂತ ಆಯ್ತು, ಅಷ್ಟರಲ್ಲಿ ಅವರು ತೀರಿಕೊಂಡ್ರು. ಅವರ ಹೆಂಡತಿ ಮಗನ ಜೊತೆ ಟೆಕ್ಸಸ್‌ಗೆ ಹೋದ್ರು ಅಂತ ಕೇಳಿದೆ. ನಾನು ಹುಡುಕ್ಲಿಲ್ಲ. ಹುಡುಕಬೇಕಿತ್ತು.

ಹಾಗಾಗಿ ನಿಮ್ಮ ಹೋಟೆಲಿನವರಿಗೆ ಇವತ್ತೇ ಫೋನ್ ಮಾಡಿ, ರಿಪೋರ್ಟ್ ಬ್ಯಾಂಕೇ ತರಿಸ್ತದೆ, ನೀವು ದುಡ್ಡು ಹಾಳು ಮಾಡಬೇಡಿ ಅಂತ ಹೇಳಿ. ಅಡ್ವಾನ್ಸ್ ತಗೊಂಡಿದ್ರೆ ವಾಪಸ್ ಕೊಡಿ. ಅವರಿಗೆ ತೆರಿಗೆ ಅಪೀಲಿಗೋ, ಪಾಲುದಾರನ ಪಾಲು ಬಿಡಿಸಿಕೊಳ್ಳಲಿಕ್ಕೋ ಬೇಕಾದ್ರೆ ಆಗ ಮಾಡಿ, ಅದಕ್ಕೆ ಅವರೇ ಕ್ಲೈಂಟ್ ಆಗಬಹುದು.

ನಿಮ್ಮ ಸ್ಯಾಂಪಲ್ ರಿಪೋರ್ಟ್ ಕಪ್ಪು ಮಾಡಿ ನನಗೂ ಒಂದು ಕಳಿಸಿ, ಬ್ಯಾಂಕಿಗೆ ಹೋಗುವ ಮೊದ್ಲು ನಾನು ಓದ್ತೇನೆ. ಕುಚ್ಚಲಕ್ಕಿ ಓಕ್ ಟ್ರೀ ರೋಡಲ್ಲಿ ಸಿಗ್ತದೆ, ಊರಿಂದ ಹೊರಿಸಬೇಡಿ, ಹೆಂಡತಿ ಬರುವಾಗ ಹಪ್ಪಳ ಮಾತ್ರ ತರ್ಲಿಕ್ಕೆ ಹೇಳಿ.